ಆರಗದ ಡ್ರೈವರ್

ಆರಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಸುಖದಾ, "ಡ್ರೈವರ್ ಮಾಡೋ ಗುರಲಿಂಗ ಎಲ್ಲಿರ್ತಾರ್ರಿ?" ಎಂದು ಕೇಳಿದ್ದೇ ತಪ್ಪಾಯಿತು. ಚಹದಂಗಡಿಯವನು ಟೆಂಪೋ ಓಡಿಸುವ ಗುರಲಿಂಗನ ಮನೆ ತೋರಿಸಿದ. ಅಲ್ಲಿಂದ ಅವಳನ್ನು ಟ್ರ್ಯಾಕ್ಟರ್ ಓಡಿಸುವ ಇನ್ನೊಬ್ಬ ಗುರಲಿಂಗನ ಕಡೆಗೆ ಕಳಿಸಿದರು. ಕಂಪ್ಯೂಟರಿನ ಒಳಗಿನ ಭಾಗಗಳನ್ನು ನಡೆಸುವ ಪ್ರೋಗ್ರಾಮಿಗೂ ಡ್ರೈವರ್ ಅನ್ನುತ್ತಾರೆ ಎಂದು ಬಿಡಿಸಿ ಹೇಳಿದ ಮೇಲಷ್ಟೇ ಊರ ಕೊನೆಯ ಮನೆಯ ದಾರಿ ಸಿಕ್ಕಿತು. ಅಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಬ್ಯಾಗಿನಲ್ಲಿದ್ದ ಲ್ಯಾಪ್‌ಟಾಪಿನ ಭಾರಕ್ಕೆ ಹೆಗಲು ನೋಯುತ್ತಿತ್ತು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಬೈಗುಳಗಳು ನಾಲಿಗೆಯ ತುದಿಯಲ್ಲೇ ಇದ್ದವು.

ಮನೆಯ ಮಗ್ಗುಲಲ್ಲೇ ಕುರಿಗಳ ಹಟ್ಟಿ. ಹಿಕ್ಕೆ, ಉಚ್ಚೆ, ತೊಯ್ದ ಉಣ್ಣೆ ಎಲ್ಲ ಕಲೆತ ವಾಸನೆ ಗಪ್ಪನೆ ಮುಖಕ್ಕೆ ಬಡಿದು, ಅವಳು ಓಢಣಿಯಿಂದ ಮೂಗು ಮುಚ್ಚಿಕೊಂಡಳು. ಪಡಸಾಲೆಯಲ್ಲಿ ಹೊಟ್ಟೆ ಬಿಚ್ಚಿದ ಎರಡು ಲ್ಯಾಪ್‌ಟಾಪುಗಳ ನಡುವೆ ಕುಳಿತಿದ್ದ ತರುಣ ತಲೆಯೆತ್ತಿ ನೋಡಿದ.

"ವಾಸನಿ ಬರಾತೈತೇನ್ರಿ?"

"ಹಾಂ."

"ನನಗೂ ಬರತೈತ್ರಿ. ದಿನಾ ಬರತೈತಿ. ಕುಂದ್ರಿ."

"ಕೂಡ್ಲಿಕ್ಕೆ ಬಂದಿಲ್ಲ. ಇಂಟರ್‌ನೆಟ್ಟಿನಾಗ ಗ್ರಾಫಿಕ್ಸ್ ಡ್ರೈವರ್ ಹಾಕೋ ಗುರಲಿಂಗ ನೀವೇ ಹೌದಲ್ಲೊ? ಒಂದೀಟೂ ನಾಚಿಕಿ ಇಲ್ಲೇನು ನಿಮಗ?"

ಅವನ ಹುಬ್ಬು ಮೇಲೇರಿತು. ಅವಳು ನಿಂತಲ್ಲೇ ಎಲ್ಲವನ್ನೂ ಕಕ್ಕಿದಳು.

ಸುಖದಾ ಮಿರಜದ ಒಂದು ಲ್ಯಾಬಿನಲ್ಲಿ ಹಲ್ಲಿನ ಕ್ಯಾಪ್‌ಗಳನ್ನು ಕಂಪ್ಯೂಟರಿನ ಮೇಲೆ ರೂಪಿಸುವವಳು. ಬೆಳಗಿನಿಂದ ಸಂಜೆಯವರೆಗೆ ಸ್ಕ್ಯಾನ್ ಆಗಿ ಬಂದ ಬಾಯಿಗಳನ್ನು ನೋಡಿ ನೋಡಿ, ಯಾರಾದರೂ ಎದುರಿಗೆ ಕುಳಿತು ಉಂಡರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಲ್ಯಾಬಿನ ಸಾಫ್ಟ್‌ವೇರ್ ಹೊಸದಾದಾಗ ಅವಳ ಹಳೆಯ ಲ್ಯಾಪ್‌ಟಾಪು ಮುಷ್ಕರ ಹೂಡಿತು. ಹುಡುಕಿ ಹುಡುಕಿ 'ಗುರಲಿಂಗ ಆರಗ' ಎಂಬ ಹೆಸರಿನ ಡ್ರೈವರ್ ಇಳಿಸಿಕೊಂಡಳು. ಮಾರನೆಯ ದಿನ ದವಾಖಾನೆಯಲ್ಲಿ ಡಾಕ್ಟರರಿಗೂ, ಕುರ್ಚಿಯ ಮೇಲಿದ್ದ ಚಂದ್ರಭಾಗಾ ಆಜಿಗೂ ಹೊಸ ದವಡೆ ಹಲ್ಲನ್ನು ತೋರಿಸುತ್ತಿದ್ದಾಗ, ಹಲ್ಲಿನ ಪಕ್ಕದಲ್ಲೇ ಅರೆಬೆತ್ತಲೆ ಹೆಂಗಸರ ಜಾಹೀರಾತು ತೆರೆದುಕೊಂಡಿತು. ಮುಚ್ಚಿದಷ್ಟೂ ಮತ್ತೊಂದು, ಅದರ ಹಿಂದೆ ಇನ್ನೊಂದು. ಒಂದಂತೂ ನರಳತೊಡಗಿತು. ಆಜಿ ಕನ್ನಡಕ ಏರಿಸಿಕೊಂಡು, "ಇದನ್ನೂ ನನ್ನ ಬಾಯಾಗ ಕೂಡಸ್ತೀರೇನವಾ?" ಎಂದು ಕೇಳಿದ್ದಳು. ಡಾಕ್ಟರರು ಮಾತ್ರ ನಗಲಿಲ್ಲ. ಇನ್ನೊಮ್ಮೆ ಹೀಗಾದರೆ ಲ್ಯಾಬನ್ನೇ ಬದಲಾಯಿಸುವುದಾಗಿ ಹೇಳಿದರು.

ಗುರಲಿಂಗ ಕೈ ಚಾಚಿ ಲ್ಯಾಪ್‌ಟಾಪು ಇಸಿದುಕೊಂಡ. ಅದರಲ್ಲಿದ್ದುದನ್ನು ನೋಡುತ್ತ ಹೋದಂತೆ, ಅನ್ನದಲ್ಲಿ ಹುಳ ಕಂಡವನ ಹಾಗೆ ಅವನ ಮುಖ ಕಿವಿಚಿಕೊಂಡಿತು.

"ಡ್ರೈವರ್ ನಂದು. ಈ ಹೊಲಸು ನಂದಲ್ರಿ. ಯಾರೋ ನಂದನ್ನ ತಗೊಂಡು, ಒಳಗ ಇದನ್ನೆಲ್ಲಾ ತುರುಕಿ, ನನ್ನ ಹೆಸರಿನ ಮ್ಯಾಲೇ ಬಿಟ್ಟಾರ."

"ಎಲ್ಲಾರೂ ಹಂಗೇ ಹೇಳ್ತಾರ."

"ಹಂಗಾದ್ರ ನಂಬಬ್ಯಾಡ್ರಿ. ಕುಂತು ನೋಡ್ರಿ."

ಅವನ ದನಿಯಲ್ಲಿ ಬೇಡಿಕೆ ಇರಲಿಲ್ಲ, ವಿನಯವಂತೂ ಇರಲೇ ಇಲ್ಲ. ಅದಕ್ಕೇ ಏನೋ, ಸುಖದಾ ಕುಳಿತಳು.

ಅವನು ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡಿದ. ಬೆರಳುಗಳು ಕೀಲಿಗಳ ಮೇಲೆ ಓಡುತ್ತಿದ್ದರೂ ಮಾತು ನಿಲ್ಲಲಿಲ್ಲ. "ಇದರಾಗ ಎರಡು ಗ್ರಾಫಿಕ್ಸ್ ಚಿಪ್ ಅದಾವ್ರಿ. ಸಣ್ಣದು ಬ್ಯಾಟರಿ ಉಳಸತೈತಿ. ನಿಮ್ಮ ಹಲ್ಲು ತಿರಗಸಾಕ ದೊಡ್ಡದು ಬೇಕು. ಕೆಲಸ ನೋಡ್ಕೊಂಡು ಒಂದರಿಂದ ಇನ್ನೊಂದಕ್ಕ ಬದಲಾಗಬೇಕಂದ್ರ ಎರಡೂ ಡ್ರೈವರ್ ಒಂದಕ್ಕೊಂದು ಹೊಂದಬೇಕು. ಹೊಂದಿಸಿ ಕೊಡೋ ಕೆಲಸ ಲ್ಯಾಪ್‌ಟಾಪ್ ಕಂಪನೀದು. ಅವರು ಯಾವತ್ತೋ ಕೈಬಿಟ್ರು. ಚಿಪ್ ಕಂಪನಿ ಕೇಳಿದ್ರ ಅವರ ಕಡೆ ಹೋಗ್ರಿ ಅಂತೈತಿ. ಇವರನ್ನ ಕೇಳಿದ್ರ ಹೊಸಾದು ತಗೋರಿ ಅಂತಾರ. ಗಟ್ಟಿಮುಟ್ಟ ಇದ್ದ ಮಾಲು ತಿಪ್ಪಿಗೆ ಒಗೀಬೇಕಂತ."

"ಅದಕ್ಕ ನೀವು ಹೊಂದಸ್ತೀರಿ. ಪುಕ್ಕಟ."

"ಹೇಸಿಗಿ ಬಂದು ಮಾಡ್ತೇನ್ರಿ. ಪುಣ್ಯಾ ಬರಲಿ ಅಂತಲ್ಲ."

ಹೇಸಿಗೆ ಎಂಬ ಶಬ್ದಕ್ಕೆ ಸುಖದಾ ತುಸು ತಡವರಿಸಿದಳು. ಮನೆಯಲ್ಲಿ ಕನ್ನಡ ಕಿವಿಗೆ ಬೀಳುತ್ತಿತ್ತಾದರೂ ಅವಳ ಬಾಯಿಗೆ ಮೊದಲು ಬರುವುದು ಮರಾಠಿ. "ಹೇಸಿಗಿ ಅಂದ್ರ ಕಿಳಸ ಅಲ್ಲಾ?"

"ಕಿಳಸ ಅಂದ್ರ ಬರೇ ಮೂಗಿಗೆ. ಹೇಸಿಗಿ ಮನಸ್ಸಿಗೂ ಹತ್ತತೈತಿ." ಹಾಗೆಂದು ಅವಳ ಮೂಗಿನ ಮೇಲಿದ್ದ ಓಢಣಿಯನ್ನು ಕಣ್ಣಂಚಿನಲ್ಲೇ ನೋಡಿದ. ಅವಳು ಅದನ್ನು ಮೆಲ್ಲಗೆ ಇಳಿಸಿದಳು.

ಪರದೆ ಪೂರ್ತಿ ಕಪ್ಪಾಯಿತು. ಸುಖದಾ ಮುಂದಕ್ಕೆ ಬಾಗಿ ನೋಡಿದಳು. ಅವನ ತಾಯಿ ಬೀರವ್ವ ಅದೇ ಹೊತ್ತಿಗೆ ಚಹ ತಂದಿಟ್ಟು, "ಹಾಲು ಎಮ್ಮೀದವಾ, ಅಂಜಬ್ಯಾಡ," ಎಂದಳು. ಚಹ ಕುಡಿಯುವಾಗ ಸುಖದಾ ರೂಢಿಯಂತೆ ಗುರಲಿಂಗನ ಬಾಯಿ ನೋಡಿದಳು. ಮೇಲಿನ ಸಾಲಿನ ಒಂದು ಹಲ್ಲು ತುಸು ಓರೆಯಾಗಿ ಪಕ್ಕದ ಹಲ್ಲಿಗೆ ಒರಗಿಕೊಂಡಿತ್ತು. ಎಂಥ ಬಾಯನ್ನು ಕಂಡರೂ ಮನಸ್ಸಿನಲ್ಲೇ ತಿದ್ದಿ ನೇರ ಮಾಡುವ ಚಾಳಿ ಅವಳದು. ಇದನ್ನು ಮಾತ್ರ ಇದ್ದ ಹಾಗೇ ಬಿಟ್ಟಳು.

ಪರದೆ ಬೆಳಗಿತು. ಆಜಿಯ ದವಡೆ ಹಲ್ಲು ಎಲ್ಲೂ ತಡೆಯದೆ ನುಣ್ಣಗೆ ತಿರುಗಿತು.

"ಥ್ಯಾಂಕ್ಸ್ ಅನ್ನೂದಿಲ್ಲ," ಎಂದಳು ಸುಖದಾ. "ಇನ್ನೂ ಸಿಟ್ಟು ಇಳದಿಲ್ಲ."

"ಇಳದಾಗ ಹೇಳ್ರಿ. ನಂಬರ್ ತಗೋರಿ."

*

ಅವಳದೇ ಮಾದರಿಯ ಲ್ಯಾಪ್‌ಟಾಪು ಅವನ ಬಳಿ ಇರಲಿಲ್ಲ. ಹೊಸ ಡ್ರೈವರ್ ಹೊಂದಿಸಿದಾಗಲೆಲ್ಲ ಅವಳಿಗೆ ಕಳಿಸುತ್ತಿದ್ದ. ಅವಳು ಹಾಕಿ ನೋಡಿ, ಎಲ್ಲಿ ಪರದೆ ಮಿಣುಕಿತು, ಎಲ್ಲಿ ದೊಡ್ಡ ಚಿಪ್ ಏಳಲೇ ಇಲ್ಲ ಎಂದು ಬರೆಯುತ್ತಿದ್ದಳು. ಹಗಲಿನಲ್ಲಿ ಅವನು ಮಾಲಗಾಂವದ ದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಊಟದ ಬಿಡುವಿನಲ್ಲಿ ಮೆಸೇಜ್ ಬರುತ್ತಿತ್ತು: "ಇವತ್ತಿನ ಹೇಸಿಗಿ ಏನ್ರಿ?"

ಬಸ್ಸಿನ ಕಿಟಕಿಗೆ ಅಂಟಿದ ಗುಟ್ಕಾ ಉಗುಳು, ಎಂದು ಅವಳು ಬರೆದರೆ, ಕೊಳೆತ ದ್ರಾಕ್ಷಿಯ ಮೇಲೆ ಒಳ್ಳೆಯದನ್ನು ಮುಚ್ಚಿ ಪ್ಯಾಕ್ ಮಾಡಿಸುವ ಮ್ಯಾನೇಜರ್, ಎಂದು ಅವನು ಬರೆಯುತ್ತಿದ್ದ. ಅವಳ ಕನ್ನಡದ ತಪ್ಪುಗಳನ್ನು ಅವನು ತಿದ್ದುತ್ತಿರಲಿಲ್ಲ, ಹಾಗೇ ಎತ್ತಿ ತಾನೂ ಬಳಸಿ ಕಾಡುತ್ತಿದ್ದ. ಒಮ್ಮೆ ಮಿರಜ ಸ್ಟೇಶನ್ನಿನ ಹೊರಗೆ ಭೆಟ್ಟಿಯಾದಾಗ ಅವನು ಅವಳೆದುರೇ ವಡಾ-ಪಾವ್ ತಿಂದ. ಕೊನೆಯ ತುತ್ತಿನವರೆಗೂ ಅವಳು ನೋಡಿದಳು.

"ಹೊಟ್ಟಿ ತೊಳಸಲಿಲ್ಲೇನ್ರಿ?"

"ಇಲ್ಲ. ಅದ್ಯಾಕೋ ಇಲ್ಲ," ಎಂದವಳೇ ಸುಖದಾ ಕಿವಿ ಕೆಂಪಾಗಿಸಿಕೊಂಡು ರಿಕ್ಷಾ ಹುಡುಕತೊಡಗಿದಳು.

ಆದರೆ ಕೊಳಕು ಡ್ರೈವರ್ ಹರಡುತ್ತಲೇ ಇತ್ತು. ಎಲ್ಲೆಲ್ಲಿಂದಲೋ ಜನ ಅವನನ್ನು ಬೈದು ಬರೆಯುತ್ತಿದ್ದರು. ಅವನು ಅವಳಿಗೆ ಆ ಬೈಗುಳಗಳನ್ನು ತೋರಿಸುತ್ತಿರಲಿಲ್ಲ.

*

ಒಂದು ರವಿವಾರ ಅವಳನ್ನು ನೋಡಲು ಸಾಂಗಲಿಯಿಂದ ವೇದಾಂತ ಬಂದ. ಅಪ್ಪ ದತ್ತಾತ್ರೇಯರಿಗೆ ಪರಿಚಯದ ಮನೆತನ. ವೇದಾಂತನದು ಹಳೆಯ ಲ್ಯಾಪ್‌ಟಾಪುಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿ. ಬೇಡ ಎಂದರೂ ಅಮ್ಮ ಮಂದಾ ಕೇಳಿರಲಿಲ್ಲ. ನೋಡಿ ಇಲ್ಲ ಅಂದರಾಯಿತು ಎಂದುಕೊಂಡು ಸುಖದಾ ಗುರಲಿಂಗನಿಗೆ ಹೇಳಿರಲೂ ಇಲ್ಲ.

ವೇದಾಂತ ಬಾಯಿ ತೆರೆದೇ ಪೋಹೆ ಅಗಿಯುತ್ತಿದ್ದ. ಅರಿಸಿನ ಬಣ್ಣದ ಅವಲಕ್ಕಿ ಹಲ್ಲಿನಿಂದ ಹಲ್ಲಿಗೆ ಹೊರಳುವುದು ಕಾಣುತ್ತಿತ್ತು. ಹಿರಿಯರು ಒಳಗೆ ಹೋದ ಮೇಲೆ, ಅವಳ ಮೇಜಿನ ಮೇಲಿದ್ದ ಲ್ಯಾಪ್‌ಟಾಪು ನೋಡಿ ನಕ್ಕ.

"ಈ ಮಾಡೆಲ್ಲಾ? ಡ್ರೈವರ್ ಸಿಗೂದಿಲ್ಲ ಇದಕ್ಕ. ಆದ್ರ ನಮ್ಮ ಸೈಟಿನಾಗ ಅದ."

"ನಿಮ್ಮ ಸೈಟಾ?"

"ಅಂಗಡಿ ಹೆಸರಿಲ್ಲ ಅದರಾಗ. ಆರಗದಾಗ ಯಾರೋ ಧನಗರ ಹುಡುಗ ಪುಕ್ಕಟ ಮಾಡಿ ಹಾಕ್ತಾನ. ನಾವು ಎತ್ಕೋತೇವಿ, ಸ್ವಲ್ಪ ಜಾಹಿರಾತು ಸೇರಸ್ತೇವಿ, ಬಿಡ್ತೇವಿ. ಅವನ ಹೆಸರು ಅಲ್ಲೇ ಇಡ್ತೇವಿ. ಬೈಗುಳ ಏನಿದ್ರೂ ಅವನಿಗೇ ಹೋಗ್ತಾವ." ಹಲ್ಲಿನ ಸಂದಿಯಿಂದ ಕೊತ್ತಂಬರಿ ಎಲೆಯೊಂದನ್ನು ಉಗುರಿನಲ್ಲಿ ತೆಗೆದು, ನೋಡಿ, ಮತ್ತೆ ಬಾಯಿಗೆ ಹಾಕಿಕೊಂಡ. "ಕುರಿ ಕಾಯೋರಿಗೆ ಕೋರ್ಟು ಕಚೇರಿ ಎಲ್ಲಿ ತಿಳೀತದ?"

ಸುಖದಾ ಎದ್ದು ಬಚ್ಚಲಿಗೆ ಹೋದಳು. ತಿಂದದ್ದೆಲ್ಲ ಹೊರಗೆ ಬಂತು. ಮುಖ ತೊಳೆದುಕೊಂಡು, ಅಪ್ಪ ಅಮ್ಮ ಎಲ್ಲರೂ ಇರುವಲ್ಲಿಗೇ ಬಂದು ನಿಂತಳು.

"ಇವರ ಅಂಗಡಿಯ ಹೊಲಸು ಚಂದ್ರಭಾಗಾ ಆಜಿ ಎದುರಿಗೆ ನನ್ನ ಮಾನ ಕಳೀತು, ಬಾಬಾ. ಕುರಿ ಕಾಯೋರಿಗೆ ಏನು ತಿಳೀತದ ಅಂತ, ಆರಗದ ಗುರಲಿಂಗನ ಹೆಸರಿನ ಮೇಲೆ ಅದನ್ನ ಬಿಟ್ಟಾರ. ಈಗ ಇವರೇ ಬಾಯಿಬಿಟ್ಟು ಹೇಳಿದ್ರು. ನನಗ ಇವರು ಬ್ಯಾಡ."

ವೇದಾಂತ ನಗುತ್ತಲೇ ಎದ್ದು ಹೋದ. ದತ್ತಾತ್ರೇಯರು, "ಧಂದೆ ಅಂದ್ರ ಹೀಂಗೇ ಇರ್ತದ, ಸುಖೀ," ಎಂದರು. ಅಮ್ಮನ ಕಣ್ಣು ಮಾತ್ರ ಮಗಳ ಮುಖದ ಮೇಲೇ ಇತ್ತು.

"ಆ ಆರಗದಾಂವ ಯಾರು ನಿನಗ?"

ಸುಖದಾ ಪೋಹೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು. ಉತ್ತರ ಅಮ್ಮನಿಗೆ ಅಷ್ಟರಲ್ಲೇ ತಿಳಿದಿತ್ತು. "ಕುರಿ ಹಟ್ಟ್ಯಾಗ ಹೋಗಿ ಇರ್ತೀಯೇನು? ಶೀ," ಎಂದು ಮಂದಾ ಮೂಗು ಮುರಿದಳು. ಒಂದು ಕಾಲಕ್ಕೆ ತಾನೂ ಆರಗದಲ್ಲಿ ಓಢಣಿಯಿಂದ ಮೂಗು ಮುಚ್ಚಿಕೊಂಡದ್ದು ಹೀಗೇ ಕಂಡಿರಬೇಕು ಎನಿಸಿ ಸುಖದಾಳಿಗೆ ತನ್ನ ಮೇಲೂ ಹೇಸಿಗೆಯಾಯಿತು.

*

ಮಾರನೆಯ ದಿನ ಮಧ್ಯಾಹ್ನ ಅವಳು ಮಾಲಗಾಂವಕ್ಕೆ ಹೋದಳು. ಗುರಲಿಂಗ ಥಂಡಿ ಕೋಣೆಯಿಂದ ದಪ್ಪ ಜಾಕೀಟು ತೊಟ್ಟು ಬಿಸಿಲಿಗೆ ಬಂದ. ಕಣ್ಣು ಕೆಂಪಗಿದ್ದವು.

"ಡ್ರೈವರ್ ಮಾಡೂದು ಬಿಟ್ಟೇನ್ರಿ. ಇವತ್ತ ಮುಂಜಾನೆ ಇಂಟರ್‌ನೆಟ್ಟಿನಾಗ ಹಂಗಂತ ಬರದು ಹಾಕಿದೆ."

"ಯಾಕ?"

"ನನಗ ಬೈದ್ರ ನುಂಗ್ತಿದ್ದೆ. ಒಬ್ಬಾಂವ ನಮ್ಮವ್ವನ ಬಗ್ಗೆ ಬರದಾನ. ಬಾಯಿಂದ ಹೇಳಾಕ ಆಗೂದಿಲ್ಲ, ಅಂಥಾದ್ದು." ಅವನು ಬೇರೆ ಕಡೆ ನೋಡಿದ. "ನಿಮ್ಮ ಲ್ಯಾಪ್‌ಟಾಪ್ ನಡ್ಯಾತೈತಲ್ಲ. ಮತ್ಯಾಕ ಬಂದ್ರಿ?"

ಅವಳು ವೇದಾಂತನ ಕತೆಯನ್ನು ಒಂದೂ ಬಿಡದೆ ಹೇಳಿದಳು. ಅವನು ಯಾಕೆ ಬಂದಿದ್ದ ಎಂಬುದನ್ನೂ ಹೇಳಿದಳು. ಗುರಲಿಂಗನ ಮುಖ ಕಪ್ಪಿಟ್ಟಿತು.

"ನನ್ನ ಹೆಸರಿಗೆ ಮಸಿ ಬಳದಾಂವ ನಿಮ್ಮನ್ಯಾಗ ಕುಂತು ನಾಷ್ಟಾ ಮಾಡ್ಯಾನ. ನೀವು ಸೀರಿ ಉಟ್ಕೊಂಡು ಎದುರಿಗೆ ಕುಂತಿದ್ರಿ. ನನಗ ಒಂದು ಮಾತು ಹೇಳಲಿಲ್ಲ."

"ಏನಂತ ಹೇಳ್ಲಿ? ನೀವು ನನಗ ಯಾರು ಅಂತ ಮನ್ಯಾಗ ಕೇಳಿದ್ದಕ್ಕ ನನ್ನ ಕಡೆ ಹೆಸರೇ ಇರಲಿಲ್ಲ. ದಿನಾ ಹೇಸಿಗಿ ಕಳಸೋ ಮನಷ್ಯಾ ಅನ್ಲೇನು?"

ಲಾರಿಯೊಂದು ದ್ರಾಕ್ಷಿ ಪೆಟ್ಟಿಗೆಗಳನ್ನು ತುಂಬಿಕೊಂಡು ಹೊರಟಿತು. ಅದು ಗೇಟು ದಾಟುವವರೆಗೂ ಇಬ್ಬರೂ ಅದನ್ನೇ ನೋಡಿದರು.

"ಎಲ್ಲಾರ ಮೇಲೂ ಹೇಸಿಗಿ ಬರ್ತದ ನನಗ," ಎಂದಳು ಸುಖದಾ. "ಬಸ್ಸಿನ್ಯಾಗ, ಲ್ಯಾಬಿನ್ಯಾಗ, ನಿನ್ನೆ ನಮ್ಮನ್ಯಾಗೂ ಬಂತು. ನಿನ್ನ ಹತ್ರ ಕೂತಾಗಷ್ಟೇ ಎಲ್ಲಾ ಸ್ವಚ್ಛ ಇದ್ದಂಗ ಅನಸ್ತದ. ಡ್ರೈವರ್ ಬಿಡು, ಇಲ್ಲಾ ಮಾಡು. ನನ್ನ ಬಿಡಬ್ಯಾಡ."

ಮೊದಲ ಸಲ ನೀನು ಎಂದಿದ್ದಳು. ಗುರಲಿಂಗ ಜಾಕೀಟಿನ ತೋಳು ಸರಿಸಿ, ಕೋಲ್ಡ್ ಸ್ಟೋರೇಜಿನ ತಂಪು ಇನ್ನೂ ಆರದ ಅಂಗೈಯನ್ನು ಅವಳ ಬಿಸಿ ಕೆನ್ನೆಗೆ ಹಚ್ಚಿದ.

"ನಾ ಎಲ್ಲಿ ಬಿಡಾಕತ್ತೇನಿ," ಎಂದ. "ನೀ ಹೊತ್ತಾಗಿ ಹೇಳಿದಿ. ಅದಕ್ಕ ಸಿಟ್ಟು."

*

ಇಬ್ಬರೂ ಸೇರಿ ಸಾಂಗಲಿಯ ಸೈಬರ್ ಪೊಲೀಸರಲ್ಲಿ ದೂರು ಕೊಟ್ಟರು. ವೇದಾಂತನ ಸೈಟು ಮುಚ್ಚಿತು. ಕೆಲವೇ ವಾರಗಳಲ್ಲಿ ಅಂಥದೇ ಇನ್ನೊಂದು ಬೇರೆ ಹೆಸರಿನಲ್ಲಿ ತಲೆಯೆತ್ತಿತು. ಗುರಲಿಂಗ ಥೂ ಎಂದು ಉಗಿದು, ಮತ್ತೆ ಡ್ರೈವರ್ ಹೊಂದಿಸಲು ಕುಳಿತ. ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತು ಹಿಡಿಯುವುದು ಹೇಗೆ ಎಂಬುದನ್ನು ಸುಖದಾ ತನ್ನ ಹೆಸರಿನಲ್ಲೇ ಮರಾಠಿಯಲ್ಲೂ ಕನ್ನಡದಲ್ಲೂ ಬರೆದು ಹಾಕಿದಳು.

ಒಂದು ಸಂಜೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಿರಜದ ಅವರ ಮನೆಗೆ ಬಂದ. ದತ್ತಾತ್ರೇಯರು ಕುಳಿತುಕೋ ಎನ್ನಲಿಲ್ಲ. ಅವನು ನಿಂತೇ ಮಾತಾಡಿದ.

"ಸುಖದಾನ್ನ ಕೇಳಾಕ ಬಂದೇನ್ರಿ. ನೌಕರಿ ಐತಿ. ಮನಿ ಕುರಿ ಹಟ್ಟಿ ಬಾಜೂಕೇ ಐತಿ, ಅದನ್ನ ಮುಚ್ಚಿ ಹೇಳೂದಿಲ್ಲ. ಅವ್ವ ಕುರಿ ಬಿಡೂದಿಲ್ಲ, ನಾ ಅವ್ವನ್ನ ಬಿಡೂದಿಲ್ಲ."

"ನಾ ಒಪ್ಪೂದಿಲ್ಲ ಅಂದ್ರ?"

"ಒಪ್ಪೂವರೆಗೂ ಬರ್ತೇನ್ರಿ."

ದತ್ತಾತ್ರೇಯರು ಪೇಪರು ಮುಖಕ್ಕೆ ಹಿಡಿದರು. ಅದರ ಹಿಂದಿನಿಂದ, "ನನ್ನ ಕೇಳಿ ಇಲ್ಲಿ ಯಾರು ಏನು ಮಾಡ್ಯಾರ," ಎಂಬ ಮಾತು ಬಂತು. ಅದು ಒಪ್ಪಿಗೆಯೂ ಅಲ್ಲ, ಬೈಗುಳವೂ ಅಲ್ಲ. ಅಡುಗೆಮನೆಯಿಂದ ಮಂದಾ ಹೊರಗೆ ಬರಲೇ ಇಲ್ಲ. ಒಲೆಯ ಮೇಲೆ ಚಹ ಕುದಿಯುವ ಸಪ್ಪಳ ಮಾತ್ರ ಕೇಳುತ್ತಿತ್ತು. ಮಂದಾ ಸೋಸಿಟ್ಟ ಮೂರು ಕಪ್ಪುಗಳನ್ನು ಸುಖದಾ ಹೊರಗೆ ತಂದಳು. ಮೂರನೆಯದನ್ನು ಗುರಲಿಂಗನ ಕೈಗೇ ಕೊಟ್ಟಳು.

ಅವನು ಹೊರಟಾಗ ಚಪ್ಪಲಿ ಮೆಟ್ಟಿ ಅವಳೂ ಜೊತೆಗೆ ಹೊರಟಳು. ಗಲ್ಲಿಯ ಕಟ್ಟೆಗಳ ಮೇಲೆ ಹೆಂಗಸರು ಕುಳಿತಿದ್ದರು. ಎದುರು ಮನೆಯ ಇಂದುಬಾಯಿ ಮೆಂತ್ಯ ಸೋಸುವುದನ್ನು ನಿಲ್ಲಿಸಿ ಸೆರಗು ಬಾಯಿಗಿಟ್ಟುಕೊಂಡಳು.

"ನೋಡಾತಾರ," ಎಂದ ಗುರಲಿಂಗ ಮೆಲ್ಲಗೆ.

"ನೋಡ್ಲಿ."

ಗಲ್ಲಿ ಮುಗಿಯಲು ಇನ್ನೂ ದೂರವಿತ್ತು. ಅವಳು ಅವನ ಕೈ ಹಿಡಿದುಕೊಂಡು, ಅವಸರ ಮಾಡದೆ ನಡೆದಳು.