ಕಾಲುವೆ ದಾಟಿದ ಕೆಂಪು ಸೀರೆ

ಮಾಗಳ ಊರಲ್ಲಿ ಪಾಲಮ್ಮನ ಕುರಿಹಟ್ಟಿಗೆ ಯಾರೋ ಬೆಂಕಿ ಇಟ್ಟರು. ಕಟ್ಟಿಹಾಕಿದ್ದ ಮರಿಗಳು ಸುಟ್ಟು ಸತ್ತವು. ನಾಟಕಕ್ಕೆಂದು ಕೊಟ್ಟೂರಿನಿಂದ ಬಂದಿದ್ದ ನಟಿ ರೋಜಾಳನ್ನು ಪೊಲೀಸರು ಠಾಣೆಗೆ ಒಯ್ದು ಕೂರಿಸಿದರು.

ಕಾರಣ ಒಂದೇ. ಹಟ್ಟಿಯಿಂದ ಓಡಿದ್ದು ಜರಿಯಂಚಿನ ಕೆಂಪು ಸೀರೆ. ಅದು ನಾಟಕದಲ್ಲಿ ರೋಜಾ ಉಡುವ ನಾಯಕಿಯ ಸೀರೆ. ನಾಟಕದ ಹೆಣ್ಣಾದರೆ ಊರು ಬೇರೆ ಸಾಕ್ಷಿ ಕೇಳುವುದಿಲ್ಲ.

ಎಸ್‌ಐ ಪುಷ್ಪಲತಾ ಕೇಳಿದರು. ಬೂದಿಯ ಪಕ್ಕ ಕೂತಿದ್ದ ಪಾಲಮ್ಮ ತಲೆ ಎತ್ತದೆಯೇ ಉತ್ತರಿಸಿದಳು.

“ಓಡಿದಾಕಿ ಮಾರಿ ಕಾಣ್ತೇನಬೇ?”

“ಇಲ್ರಿ. ಮಾರಿ ತುಂಬ ಸೆರಗಿತ್ತು.”

“ಕಾಲುವಿ ಹೆಂಗ ದಾಟಿದ್ಲು?”

“ಅಂಚು ಎತ್ತಿ, ಅರ್ಧಕ್ಕ ಮಡಚಿ, ಹೊಟ್ಟಿ ಮುಂದ ಕಟ್ಟಿ ಜಿಗದ್ಲ್ರಿ.”

“ಯಾರರ ಜಗಳ ತಗದಿದ್ರೇನು?”

“ಏಕಾಂತಪ್ಪರು ಗದರಿದ್ರು. ಜಾಗ ಬಿಡು, ಇಟ್ಟಂಗಿ ಭಟ್ಟಿ ಹಾಕ್ತೀನಿ ಅಂತ. ಆದ್ರ ಓಡಿದ್ದು ಹೆಂಗಸು ಅಲ್ಲೇನ್ರಿ?”

* * *

ಮರುದಿನ ರಾತ್ರಿಯೇ ನಾಟಕ. ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ವೇಷ ಹಾಕಿಕೊಂಡೇ ರಿಹರ್ಸಲ್. ಏಕಾಂತಪ್ಪ ನಾಟಕ ಸಂಘದ ಅಧ್ಯಕ್ಷ. ಹಾಸ್ಯದ ಪಾತ್ರವೂ ಅವನದೇ. ನಾಯಕಿಯಂಥದೇ ಸೀರೆ ಉಟ್ಟು ಅವಳ ಮನೆಗೆ ನುಗ್ಗುವ ರಸಿಕ. ವಿಚಾರಣೆಗೆ ಬಂದ ಪುಷ್ಪಲತಾರನ್ನು ಕಂಡು ಏಕಾಂತಪ್ಪ ಕೈಬೀಸಿದ.

“ಕುಂದರ್ರಿ ಮೇಡಂ, ನಗಿಸೇ ಕಳಸ್ತೀನಿ!”

ಮೀಸೆ ಮುಚ್ಚಲು ಸೆರಗು ಸಾಕು ಎಂಬುದು ಇಂಥ ನಾಟಕಗಳ ಕಾನೂನು. ಪಕ್ಕದಲ್ಲಿ ಕೂತ ನಾಯಕಿಯ ಗಂಡನಿಗೂ ಗುರುತು ಸಿಗುವುದಿಲ್ಲ. ಪೊರಕೆ ಹಿಡಿದ ಅತ್ತೆ ಅಟ್ಟಿಸಿಕೊಂಡು ಬಂದಳು. ಏಕಾಂತಪ್ಪ ಅಂಚು ಎತ್ತಿದ, ಅರ್ಧಕ್ಕೆ ಮಡಚಿದ, ಹೊಟ್ಟೆಯ ಮುಂದೆ ಕಟ್ಟಿ ರಂಗದಿಂದ ಜಿಗಿದ.

ಎಲ್ಲರೂ ನಕ್ಕರು. ಪುಷ್ಪಲತಾ ನಗಲಿಲ್ಲ.

“ನಿಂದರ್ರಿ. ಗಂಟು ಬಿಚ್ಚಬ್ಯಾಡ್ರಿ.”

ನೆರಿಗೆ ಸರಿಸಿದರು. ಒಳಮಡಿಕೆಯಲ್ಲಿ ಸುಟ್ಟ ತೂತು. ಅಂಚಿಗೆ ಕಾಲುವೆಯ ಕೆಸರು.

“ಹೆಣ್ಣುಮಕ್ಕಳು ನೆರಿಗಿ ಒಂದ ಬದಿಗೆ ಎತ್ತಿ ಸೊಂಟಕ್ಕ ಸಿಗಿಸ್ತಾರ. ಹಿಂಗ ಅರ್ಧಕ್ಕ ಮಡಚಿ ಕಟ್ಟೋದು ಲುಂಗಿ ಉಡೋ ಗಂಡಸರ ರೂಢಿ. ರೋಜಾನ ಸೀರಿ ಠಾಣಾದಾಗ ಐತಿ. ಒಂದು ಕಿಡೀನೂ ತಾಗಿಲ್ಲ ಅದಕ್ಕ. ಅಂಥದ ಇನ್ನೊಂದು ಸೀರಿ ಇರೋದು ನಿಮ್ಮ ಮೈಮ್ಯಾಲ. ಭಟ್ಟಿಗೆ ಜಾಗ ಬೇಕಾಗಿದ್ದೂ ನಿಮಗ.”

ಏಕಾಂತಪ್ಪ ಸೆರಗು ಎಳೆದುಕೊಂಡ. ಈ ಸಲ ಯಾರೂ ನಗಲಿಲ್ಲ.

* * *

ಸಂಜೆ ಏಕಾಂತಪ್ಪನನ್ನು ಒಳಗೆ ಹಾಕಿ ರೋಜಾಳನ್ನು ಬಿಟ್ಟರು. ಅವಳ ಸೀರೆಯನ್ನೂ ಕೈಗೆ ಕೊಟ್ಟರು. ಯಾರೂ ಕ್ಷಮೆ ಕೇಳಲಿಲ್ಲ. ಠಾಣೆಯ ಬಾಗಿಲಲ್ಲಿ ನಾಟಕದ ಮೇಷ್ಟ್ರು ಕೊಟ್ರಸ್ವಾಮಿ ಕಾದಿದ್ದರು.

“ಆಗಿದ್ದು ಆತು ತಂಗಿ. ನಾಟಕ ನೋಡಾಕ ಊರೆಲ್ಲ ಬಂದು ಕುಂತೈತಿ. ಲಗೂನ ಬಣ್ಣ ಹಚ್ಚು.”

ರೋಜಾ ಸೀರೆಯನ್ನು ಅವರ ಕೈಗೆ ತುರುಕಿದಳು.

“ನಿಮ್ಮೂರು ನನ್ನ ನೋಡ್ಲಿಲ್ರಿ ಮೇಷ್ಟ್ರೇ, ಸೀರಿ ನೋಡ್ತು. ಇವತ್ತೂ ಅದನ್ನ ನೋಡ್ಲಿ. ನೀವ ಉಟ್ಕೊಳ್ರಿ. ನಾ ಬಣ್ಣ ಹಚ್ಚಂಗಿಲ್ಲ.”