ಉಳಿದ ಮೂವತ್ತೊಂದು ಮಾತು

"ಮತ್ತೆ ಹೋಯ್ತು ಮೇಡಂ," ಎಂದ ಅವನು, ಬಾಗಿಲು ತೆಗೆಯುತ್ತಲೇ. "ನಿಮ್ಮ ಅಂಗಡಿಯಿಂದ ಬೇರೆ ಕಂಪ್ಯೂಟರ್ ತಂದುಕೊಟ್ರಲ್ಲ, ಅದೂ ಹೋಯ್ತು. ಇಪ್ಪತ್ತೇ ನಿಮಿಷ."

ಧ್ವನಿ ಒಡೆದಿತ್ತು. ಗಂಟಲಿಗೆ ಕೈಯಿಟ್ಟು ಉಗುಳು ನುಂಗಿಕೊಂಡ.

"ನಿಮಗಿದು ಬರಲ್ಲ ಅಂದ್ರೆ ಮೊದಲ ದಿನವೇ ಹೇಳಬಹುದಿತ್ತು."

ಚುರುಕ್ಕೆಂದಿತು. ಹನ್ನೊಂದು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುವವಳು ನಾನು. ಇನ್ನೊಬ್ಬರಾಗಿದ್ದರೆ ತಿರುಗಿ ಅನ್ನುತ್ತಿದ್ದೆ. ಆದರೆ ಅವನು ಬೈದರೂ ಸವೆಯುತ್ತಿದ್ದದ್ದು ಅವನದೇ ಧ್ವನಿ.

ನಾಳೆ ಬೆಳಿಗ್ಗೆ ಅವನ ಗಂಟಲಿನ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಇವತ್ತು ಸಂಜೆ ಆರಕ್ಕೇ ಆಸ್ಪತ್ರೆ ಸೇರಬೇಕು. ಈಗ ಎರಡೂವರೆ.

ಹಾಲ್‌ನ ಕುರ್ಚಿಯಲ್ಲಿ ಅವನ ತಾಯಿ ಕೂತಿದ್ದರು. ಕಣ್ಣು ಹೋಗಿ ಆರು ವರ್ಷ. ನಾಳೆಯಿಂದ ಈ ಮನೆಯಲ್ಲಿ ತಾಯಿಗೆ ಕಣ್ಣಿಲ್ಲ, ಮಗನಿಗೆ ಬಾಯಿಲ್ಲ. ಅವನು ಬರೆದರೆ ಅವರು ಓದಲಾರರು; ಅವರು ಕೂಗಿದರೆ ಅವನು ಓಗೊಡಲಾರ. ಅದಕ್ಕೇ ಅವನು ಇನ್ನೂರು ಮಾತುಗಳ ಪಟ್ಟಿ ಮಾಡಿಕೊಂಡು ತನ್ನ ಧ್ವನಿಯಲ್ಲೇ ಕಂಪ್ಯೂಟರಿಗೆ ತುಂಬಿಡುತ್ತಿದ್ದ. 'ಅಮ್ಮ, ಬಂದೆ.' 'ಮಾತ್ರೆ ತಗೊಂಡ್ಯಾ?' 'ಬಿಸಿ ಇದೆ, ಹುಷಾರು.' ಒಂದು ಗುಂಡಿ ಒತ್ತಿದರೆ ಒಂದು ಮಾತು. ಇನ್ನು ಮೂವತ್ತೊಂದು ಉಳಿದಿದ್ದವು. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಅವನ ಧ್ವನಿ ನಿಲ್ಲುತ್ತಿರಲಿಲ್ಲ. ಉಳಿಸುವ ಮೊದಲೇ ಕಂಪ್ಯೂಟರ್ ಪಟ್ಟನೆ ಆರಿದಾಗೆಲ್ಲ ಅಂದು ಹೇಳಿದ್ದೆಲ್ಲ ನೀರಿನಲ್ಲಿ ಹೋಮ.

"ಫೋನಿನಲ್ಲೇ ರೆಕಾರ್ಡ್ ಮಾಡಿಬಿಡಿ," ಎಂದು ಮೊದಲ ವಾರವೇ ಹೇಳಿದ್ದೆ. ಮಾಡಿ ತಾಯಿಗೆ ಕೇಳಿಸಿದ. "ಯಾರಪ್ಪ ಇದು?" ಎಂದರು ಅವನ ತಾಯಿ. ಆಮೇಲೆ ನಾವಿಬ್ಬರೂ ಫೋನಿನ ಸುದ್ದಿ ಎತ್ತಲಿಲ್ಲ. ಕಣ್ಣು ಕಾಣದವರ ಲೈಬ್ರರಿಗೆ ಪುಸ್ತಕ ಓದಿಕೊಡುವುದು ಅವನ ವೃತ್ತಿ. ಅದಕ್ಕೆಂದೇ ಕೋಣೆಯಲ್ಲಿಟ್ಟ ದೊಡ್ಡ ಮೈಕಿಗೆ ತುಟಿ ತಾಗಿಸುವಷ್ಟು ಬಾಗಿ ಮೆಲ್ಲಗೆ ಹೇಳಿದರೆ ಮಾತ್ರ ಅವನು ಇನ್ನೂ ಅವನೇ.

ನಾನು ಮಾಡದೆ ಬಿಟ್ಟದ್ದೇನೂ ಇಲ್ಲ. ರ‍್ಯಾಮ್ ಒಂದೊಂದಾಗಿ ತೆಗೆದು ಎಂಟೆಂಟು ಗಂಟೆ ಪರೀಕ್ಷಿಸಿದೆ. ಪವರ್ ಸಪ್ಲೈ ಬದಲಿಸಿದೆ. ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಅಂಗಡಿಯಲ್ಲಿ ಎರಡು ದಿನ ಬಿಡದೆ ಓಡಿಸಿದರೆ, ಮೇಷ್ಟ್ರ ಮುಂದೆ ಕೈಕಟ್ಟಿ ನಿಂತ ತುಂಟನ ಹಾಗೆ ಒಂದು ಸಲವೂ ತಂಟೆ ಮಾಡಲಿಲ್ಲ.

ಓಡಿಸಲು ಏನಾದರೂ ಬೇಕಲ್ಲ ಎಂದು ಅದರಲ್ಲಿದ್ದ ಅವನದೇ ಹಳೆಯ ಓದಿನ ರೆಕಾರ್ಡಿಂಗ್ ಹಾಕಿದ್ದೆ. ಪದ್ಯಗಳು. ನಮ್ಮಜ್ಜ ದೇವರ ಮುಂದೆ ದೀಪವಿಟ್ಟು ಪದ್ಯ ಓದುವಾಗ ಕಂಬಕ್ಕೊರಗಿ ಕೂತು ಬೆಳೆದವಳು ನಾನು. ಮಂತ್ರ ಬಾರದ ನನಗೆ ಕೇಳುವುದೇ ಪೂಜೆ. ಈ ಧ್ವನಿ ಸಾಲಿನ ಕೊನೆಯಲ್ಲಿ ಸ್ವಲ್ಪ ತಡೆದು, ಕೇಳುವವರಿಗೆ ಉಸಿರಾಡಲು ಜಾಗ ಬಿಟ್ಟು ಮುಂದೆ ಹೋಗುತ್ತಿತ್ತು. ಎರಡನೆಯ ದಿನ ಸಂಜೆ ಯಂತ್ರ ನಿಲ್ಲಿಸುವ ಹೊತ್ತಿಗೆ ಬೆರಳು ಗುಂಡಿಯ ಮೇಲೆಯೇ ನಿಂತಿತು. ದೇವರೇ, ಇನ್ನೊಂದು ಪದ್ಯ ಎಂದುಕೊಂಡೆ. ನನ್ನ ಮನಸ್ಸು ಎಲ್ಲಿ ಸಿಕ್ಕಿಕೊಂಡಿದೆಯೆಂದು ಆ ದಿನವೇ ನನಗೆ ಗೊತ್ತಾಗಿಹೋಗಿತ್ತು; ಅವನಿಗೆ ಮಾತ್ರ ಓದು ತುಂಬ ಹಿಡಿಸಿತು ಎಂದಷ್ಟೇ ಹೇಳಿದ್ದೆ.

ಈಗ ಅವನ ಕೋಣೆಯಲ್ಲಿ ನಿಂತು ಯೋಚಿಸಿದೆ. ಎರಡು ಬೇರೆ ಬೇರೆ ಕಂಪ್ಯೂಟರ್, ಸಾವು ಮಾತ್ರ ಒಂದೇ. ಹಾಗಾದರೆ ರೋಗ ಯಂತ್ರದ್ದಲ್ಲ, ಈ ಕೋಣೆಯದು. ಪ್ಲಗ್ಗಿಗೆ ಮೀಟರ್ ಹಿಡಿದೆ. ಕರೆಂಟು ಸರಿಯಾಗಿಯೇ ಇತ್ತು.

"ನೀವು ಶುರು ಮಾಡಿ. ನಾನು ಇಲ್ಲೇ ಕೂತಿರ್ತೀನಿ."

"ಯಾರಾದ್ರೂ ಇದ್ರೆ ನನಗೆ ಮಾತೇ ಬರಲ್ಲ. ಯಾವಾಗ್ಲೂ ಹೊರಗೆ ಕಳಿಸ್ತೀನಲ್ಲ ನಿಮ್ಮನ್ನ."

"ಇವತ್ತು ಹೋಗಲ್ಲ."

ಅವನು ಓರೆಗಣ್ಣಿನಿಂದ ನೋಡಿದ. ಕೋಪದ ಕೆಳಗೆ ಇನ್ನೇನೋ ಮಿಂಚಿ ಮಾಯವಾಯಿತು.

"ಉಸಿರಾದ್ರೂ ಬಿಡಬಹುದಾ?" ಎಂದು ಕೇಳಿದೆ.

"ಮೆತ್ತಗೆ."

ಹಾಗೆಂದವನು ಮಂಚದ ಮೇಲಿದ್ದ ದಪ್ಪ ಹೊದಿಕೆಯನ್ನು ಬಿಚ್ಚಿ, ಕಂಪ್ಯೂಟರ್ ಡಬ್ಬದ ಮೇಲೆ ಹೊದೆಸಿ, ಚಳಿಜ್ವರದ ಮಗುವಿಗೆ ಮಾಡುವಂತೆ ನಾಲ್ಕೂ ಕಡೆ ಸಿಕ್ಕಿಸಿದ.

"ಏನ್ರೀ ಮಾಡ್ತಿದ್ದೀರಾ?"

"ಇದರೊಳಗಿನ ಫ್ಯಾನ್ ಸದ್ದು ಮೈಕಿಗೆ ಬೀಳುತ್ತಲ್ಲ. ಮೊದಲು ಗಟ್ಟಿಯಾಗಿ ಓದ್ತಿದ್ದೆ, ಆ ಸದ್ದು ಕೇಳ್ತಿರಲಿಲ್ಲ. ಈಗ ಧ್ವನಿ ಸಣ್ಣದಾಯ್ತು, ಮೈಕ್ ಜೋರಿಡಬೇಕು. ಒಂದು ತಿಂಗಳಿಂದ ಹೀಗೇ."

"ನಾನು ಬಂದಾಗ ಒಂದು ದಿನವೂ ನೋಡಿಲ್ಲ!"

"ಮಡಚಿಡ್ತಿದ್ದೆ. ಯಾರಾದ್ರೂ ಬರ್ತಾರೆ ಅಂದ್ರೆ ಹೊದಿಕೆ ಮಡಚಿಡು ಅಂತ ಅಮ್ಮ ಕಲಿಸಿದ್ದು."

ನಗು ಬಂತು; ಬಂದ ನಗು ಕಣ್ಣಲ್ಲಿ ನೀರಾಯಿತು. "ಅದು ಉಸಿರುಕಟ್ಟಿ ಸಾಯ್ತಿದೆ ರೀ. ಒಳಗೆ ಬಿಸಿ ಏರಿದ್ರೆ, ಸುಟ್ಟು ಹೋಗಬಾರದು ಅಂತ ತಾನೇ ಆರಿಹೋಗುತ್ತೆ."

ಅವನು ಮಂಚದ ಮೇಲೆ ಕುಸಿದ. "ಅಂದ್ರೆ… ಅಷ್ಟೂ ದಿನ ನಾನೇ? ನನ್ನ ಕೈಯಾರೆ?"

"ನಾನೂ ಅಷ್ಟೇ. ಯಂತ್ರಕ್ಕೆ ಕಿವಿಯಿಟ್ಟು ಕೇಳಿದೆ, ನಿಮ್ಮನ್ನ ಒಂದು ಮಾತು ಕೇಳಲಿಲ್ಲ. ಏಳಿ. ಅಳೋಕೂ ಗಂಟಲು ಬೇಕು, ಉಳಿಸ್ಕೊಳ್ಳಿ."

ಕಂಪ್ಯೂಟರ್, ಮಾನಿಟರ್ ಎಲ್ಲವನ್ನೂ ಹಾಲ್‌ಗೆ ಹೊತ್ತೆ. ಮೈಕು ಕೋಣೆಯಲ್ಲೇ ಉಳಿಯಿತು. ನನ್ನ ಬ್ಯಾಗಿನ ಉದ್ದನೆಯ ಕೇಬಲ್ ಬಾಗಿಲ ಕೆಳಗಿಂದ ಹರಿಯಿತು. ಅವನು ಒಳಗೆ, ನಾನು ಹೊರಗೆ, ಕಿವಿಗೆ ಹೆಡ್‌ಫೋನ್. ಮಾತು ಸರಿ ಬಂದರೆ ಬಾಗಿಲ ಮೇಲೆ ಒಂದು ಬಡಿತ, ಇನ್ನೊಮ್ಮೆ ಬೇಕೆಂದರೆ ಎರಡು. ಡಬ್ಬದ ಬೆನ್ನಿನಿಂದ ಬೆಚ್ಚನೆ ಗಾಳಿ ಸಲೀಸಾಗಿ ಬರುತ್ತಿತ್ತು.

"ಕಂಪ್ಯೂಟರ್ ಡಾಕ್ಟರಮ್ಮ, ಬದುಕುತ್ತಾ?" ಎಂದರು ಅವನ ತಾಯಿ.

ಕಂಪ್ಯೂಟರ್ ಬಗ್ಗೆ ಕೇಳಿದರೋ, ಮಗನ ಬಗ್ಗೆಯೋ. "ಬದುಕುತ್ತೆ ಅಮ್ಮ," ಎಂದೆ.

ನಡುನಡುವೆ ನೀರು ಕುಡಿದು, ಗಂಟಲಿಗೆ ಬಿಡುವು ಕೊಟ್ಟು, ನಾಲ್ಕೂವರೆಗೆ ಮೂವತ್ತೊಂದೂ ಮುಗಿದವು. ಕೊನೆಯದು 'ಅಮ್ಮ, ನಿದ್ದೆ ಬಂತಾ?' ಎಂಬುದು. ನಾಲ್ಕು ಸಲ ಹೇಳಿಸಬೇಕಾಯಿತು. ಧ್ವನಿ ಎಳೆ ಬಿಟ್ಟ ನೂಲಾಗಿತ್ತು. ಎಲ್ಲವನ್ನೂ ಮೂರು ಕಡೆ ಕಾಪಿ ಮಾಡಿ ಉಳಿಸಿದೆ. ನನ್ನ ಕೆಲಸ ಮುಗಿಯಿತು. ನಾಳೆಯಿಂದ ಈ ಮನೆಗೆ ಬರಲು ನನಗೆ ಕಾರಣವೇ ಇಲ್ಲ. ಅವನ ಬಾಯಿಂದ ಯಾವ ಮಾತೂ ನನ್ನ ಪಾಲಿಗಿಲ್ಲ.

ಎದೆ ತಡೆಯಲಿಲ್ಲ. ನನ್ನ ಕೈಲಿದ್ದ ಪಟ್ಟಿಯ ಬೆನ್ನಿಗೆ ಮೂರು ಸಾಲು ಗೀಚಿ ಬಾಗಿಲ ಕೆಳಗೆ ತಳ್ಳಿ, ಮತ್ತೆ ರೆಕಾರ್ಡ್ ಒತ್ತಿದೆ.

ಕಿವಿಯಲ್ಲಿ ಕಾಗದದ ಸರಸರ. ಆಮೇಲೆ ಅವನು, ಕೊಟ್ಟದ್ದನ್ನು ಓದುವ ಅಭ್ಯಾಸದಿಂದ:

"ಅಂಗಡಿ ಬಾಗಿಲು ಹಾಕಿ ಬೇಗ ಬಾ."

ತಡೆದ. "ನಿನ್ನ ಟೀಗೆ ಸಕ್ಕರೆ ಜಾಸ್ತಿಯಾಯ್ತು."

ಮತ್ತೆ ಕಾಗದದ ಸರಸರ.

"ಇವು ಅಮ್ಮನಿಗಲ್ಲ," ಎಂದ ಪಿಸುಮಾತಿನಲ್ಲಿ. "ಮೇಡಂ… ನಾಳೆ ಆಪರೇಷನ್ ಮೇಜಿನಿಂದ ಎದ್ದು ಬರ್ತೀನೋ ಇಲ್ವೋ. ಬಂದ್ರೂ ಮೂಕ. ನೀವು ಕೇಳಿ ಮೆಚ್ಚಿದ್ದು ನನ್ನಲ್ಲಿ ಉಳಿಯೋದೇ ಇಲ್ಲ. ಬೇಡ. ಬರೆದಿದ್ದು ಹರಿದು ಹಾಕ್ತೀನಿ."

ಎದ್ದು ಬಾಗಿಲಿಗೆ ಹಣೆ ಒತ್ತಿದೆ. "ಹರಿಯಿರಿ. ಇನ್ನೊಂದು ಬರೀತೀನಿ. ನನ್ನ ಹತ್ರ ಕಾಗದ ಬೇಕಾದಷ್ಟಿದೆ."

"ಯಾಕೆ?"

"ಧ್ವನಿ ಕೇಳಿ ಬಂದೆ, ನಿಜ. ಅಮ್ಮನಿಗೆ ಬಿಸಿ ತಾಗಬಾರದು ಅಂತಾನೂ ಒಂದು ಮಾತು ಉಳಿಸಿಟ್ರಲ್ಲ, ಅದನ್ನ ನೋಡಿ ನಿಂತೆ. ಮೂರನೇದು ಓದಿ."

"ಓದೋಕೆ ಹೆದರಿಕೆ."

"ಏನಂತೆ ಅವನಿಗೆ?" ಎಂದರು ಹಿಂದಿನಿಂದ ಅವನ ತಾಯಿ.

"ಹೆದರಿಕೆಯಂತೆ ಅಮ್ಮ."

"ಅವರಪ್ಪನೂ ಹಾಗೇ. ಹೂಂ ಅನ್ನೋಕೆ ಒಂದು ವರ್ಷ ತಗೊಂಡಿದ್ರು." ಅವರ ಕೈ ಗಾಳಿಯಲ್ಲಿ ತಡಕಾಡಿತು, ಹೋಗಿ ಹಿಡಿದುಕೊಂಡೆ. "ಮಗಳೇ, ಜಗಳಕ್ಕೂ ಒಂದೆರಡು ಮಾತು ಹೇಳಿಸಿಟ್ಕೋ. ಬರೀ ಒಳ್ಳೇ ಮಾತಲ್ಲಿ ಸಂಸಾರ ನಡೆಯಲ್ಲ."

ಒಳಗೆ ಅವನಿಗೂ ಕೇಳಿಸಿರಬೇಕು. ಹೆಡ್‌ಫೋನಿನಲ್ಲಿ ಬಿಕ್ಕೋ ನಗುವೋ ತಿಳಿಯದ ಒಂದು ಸದ್ದು. ಆಮೇಲೆ ಮೂರನೆಯ ಸಾಲು, ಪದ್ಯದ ಕೊನೆಯಲ್ಲಿ ತಡೆಯುವಂತೆ ನಡುವೆ ತಡೆದು:

"ಹೋಗಬೇಡ… ಇಲ್ಲೇ ಇರು."

ಅದರ ಬೆನ್ನಿಗೇ, ನಾನು ಬರೆಯದ ಒಂದು: "ನಿನಗೆ ಒಂದೂ ಗೊತ್ತಾಗಲ್ಲ, ಸುಮ್ನಿರು!" ಅರ್ಧದಲ್ಲೇ ಗಂಟಲು ಕೈಕೊಟ್ಟಿತು. ನಿಯಮದ ಪ್ರಕಾರ ಎರಡು ಸಲ ಬಡಿಯಬೇಕಿತ್ತು. ಬಡಿಯಲಿಲ್ಲ. ಒಡೆದದ್ದನ್ನೇ ಉಳಿಸಿದೆ.

ಐದೂಕಾಲು. ಕಂಪ್ಯೂಟರ್ ಆಫ್ ಮಾಡಿ, ಕೇಬಲ್ ಸುತ್ತುತ್ತಿದ್ದಾಗ ಬಾಗಿಲು ತೆರೆಯಿತು. ಕೈಯಲ್ಲಿ ಆಸ್ಪತ್ರೆಯ ಚೀಲ, ಕಣ್ಣು ಕೆಂಪು. ತಾಯಿಯ ಪಾದ ಮುಟ್ಟಿದ, ಅವರು ಅವನ ಮುಖವನ್ನೆಲ್ಲ ಬೆರಳಿನಿಂದ ಒಮ್ಮೆ ಓದಿದರು. ಆಮೇಲೆ ಅವನು ನನ್ನ ಕಡೆ ತಿರುಗಿದ. ಮೂರು ವಾರ ಮೇಡಂ ಎಂದವನು, ಉಳಿದಿದ್ದ ಅಷ್ಟೂ ಧ್ವನಿಯನ್ನು ಕೂಡಿಸಿಕೊಂಡು ಹೇಳಿದ:

"ನೀನೂ ಬಾ."

ಅದು ಯಾವ ಫೈಲಿನಲ್ಲೂ ಇಲ್ಲ. ನನಗೊಬ್ಬಳಿಗೇ ಹೇಳಿದ್ದು.