ಕಮ್ಮಿ ಕರೆಂಟಿನ ಬಲ್ಬು

"ಒತ್ರಿ," ಎಂದಳು ಮಧುಶ್ರೀ. ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡಿದ್ದರಿಂದ ಮಾತು ಅರ್ಧ ಹಲ್ಲಿನೊಳಗೇ ಉಳಿಯಿತು.

ಶಂಕರ ಬ್ರೇಕ್ ಒತ್ತಿದ. ಕೆಂಪು ಬೆಳಕು ಅವಳ ಮುಖದ ಮೇಲೆ ಬಿತ್ತು. ಹಳೆಯ ಬಲ್ಬಿನ ಕೆಂಪು ಮೆಲ್ಲಗೆ ಬಂದು, ಹೋಗುವಾಗಲೂ ಒಂದು ಕ್ಷಣ ಹಿಂದೆಮುಂದೆ ನೋಡುತ್ತಿತ್ತು. ಈ ಎಲ್‌ಇಡಿ ಕೆನ್ನೆಗೆ ಬಾರಿಸಿದ ಹಾಗೆ ಬಂದು, ಹೇಳದೆ ಕೇಳದೆ ಹೋಗಿಬಿಡುತ್ತಿತ್ತು.

"ಬುಡ್ರಿ."

ಬಿಟ್ಟ.

"ಇನ್ನೊಂದ್ಸಲ."

ಮತ್ತೆ ಒತ್ತಿದ. ಬ್ರೇಕ್ ಒತ್ತಲು ಕಾಲು ಸಾಕು, ಕಣ್ಣು ಬೇಕಿಲ್ಲ. ಆದರೂ ಅವನು ಒಳಗಿನ ಕನ್ನಡಿಯನ್ನು ಕೈಯಿಂದ ಕೆಳಕ್ಕೆ ವಾಲಿಸಿದ್ದ. ಅದರಲ್ಲಿ ಈಗ ಹುಣಸೂರಿನ ಬೈಪಾಸ್ ರಸ್ತೆಯಾಗಲಿ ಲಾರಿಗಳಾಗಲಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಕಿವಿಯ ಹಿಂದೆ ಸಿಕ್ಕಿಸಿದ ಕೂದಲು, ಬೆವರಿದ ಹಣೆ, ತನ್ನ ಕಡೆ ನೋಡಬಾರದೆಂದು ಹಟ ಹಿಡಿದ ಒಂದು ಜೊತೆ ಕಣ್ಣು. ಕನ್ನಡಿ ವಾಲಿರುವುದು ಅವಳಿಗೂ ಗೊತ್ತಿತ್ತು. ಕೆಂಪು ಹೊತ್ತಿಕೊಂಡಾಗ ಒಂದು ಸಲ ನೋಡಿಯೇಬಿಟ್ಟಳು. ಆಮೇಲೆ ಸ್ಕ್ರೂ ಬಿಗಿ ಮಾಡುವುದರಲ್ಲಿ ಮುಳುಗಿದಳು.

ಅದು ಶಂಕರನ ಸೆಕೆಂಡ್ ಹ್ಯಾಂಡ್ ಬಿಳಿ ಕಾರು. ಕಬಿನಿ ಕಡೆಯ ರೆಸಾರ್ಟುಗಳಿಗೆ ಬಾಡಿಗೆಗೆ ಓಡಿಸುತ್ತಿದ್ದ. ವೀರನಹೊಸಹಳ್ಳಿಯಲ್ಲಿ ಮನೆ, ಹೊಗೆಸೊಪ್ಪಿನ ಹೊಲ. ಅಂಗಡಿ ಮಧುಶ್ರೀಯ ಅಪ್ಪ ದೇವರಾಜುವಿನದು. 'ಆಟೋ ಎಲೆಕ್ಟ್ರಿಕಲ್ಸ್' ಎಂದು ಬೋರ್ಡಿತ್ತು. ಅಪ್ಪನ ಕೈ ನಡುಗತೊಡಗಿದ ಮೇಲೆ ವೈರು ಹಿಡಿಯುವ ಕೆಲಸವೆಲ್ಲ ಅವಳ ಪಾಲಿಗೆ ಬಂದಿತ್ತು.

ಎರಡು ವರ್ಷದ ಹಿಂದೆ ಅವನು ಮೊದಲು ಬಂದದ್ದು ಹಾರ್ನ್ ಕೆಟ್ಟಿದೆ ಎಂದು. ಅವಳು ಸರಿ ಮಾಡಿಕೊಟ್ಟಳು. ವಾರದಲ್ಲಿ ಮತ್ತೆ ಬಂದ. ಬಾನೆಟ್ ಎತ್ತಿ ನೋಡಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ತಾನಾಗಿ ಕಳಚಿದ ವೈರಿನ ತುದಿ ಕಪ್ಪಾಗಿರುತ್ತದೆ. ಇದರದು ಫಳಫಳ ಹೊಳೆಯುತ್ತಿತ್ತು.

"ಇಲಿ ಕಿತ್ತದೆ ಅನ್ಸುತ್ತೆ," ಎಂದಿದ್ದ ಅವನು.

"ದೊಡ್ ಇಲಿನೇ ಇರ್ಬೇಕು. ಸ್ಪ್ಯಾನರ್ ಹಿಡ್ಕಂಡ್ ಬಂದೈತೆ."

ಅಂದಿನಿಂದ ಆ ಹಾರ್ನಿನ ಸ್ಕ್ರೂವನ್ನು ಅವಳು ಯಾವತ್ತೂ ಪೂರಾ ಬಿಗಿ ಮಾಡಲಿಲ್ಲ. ಬೀಚನಹಳ್ಳಿ ನೀರಾವರಿ ಆಫೀಸಿನ ಜೀಪಿಗೆ ಡೈನಮೋ ಕೊಡಲು ಹೋಗಬೇಕಾದಾಗ ಅವನೇ ಕರೆದುಕೊಂಡು ಹೋದ. ಬರುವಾಗ ಅವಳು ಮುಂದಿನ ಸೀಟಿನಲ್ಲಿ ಕೂತಿದ್ದಳು. ಗೇರ್ ಹಾಕುವ ಕೈ ಹಾಕಿದ ಮೇಲೂ ಅಲ್ಲೇ ಇತ್ತು, ಅವಳ ಕೈ ಅದರ ಪಕ್ಕದಲ್ಲೇ ಇತ್ತು. ಎಚ್.ಡಿ. ಕೋಟೆ ದಾಟುವವರೆಗೆ ಇಬ್ಬರೂ ಆ ನಡುವಿನ ಜಾಗದ ಬಗ್ಗೆಯೇ ಯೋಚಿಸುತ್ತ, ಮಳೆಯ ಬಗ್ಗೆ ಮಾತಾಡಿದರು.

ಈಗ ಅವನ ಕಾರಿನ ದೀಪಗಳನ್ನೆಲ್ಲ ಎಲ್‌ಇಡಿ ಮಾಡಿಕೊಡುತ್ತಿದ್ದಾಳೆ. ಗುರುಪುರದ ಟಿಬೆಟನ್ ಕ್ಯಾಂಪಿನ ಸ್ವೆಟರ್ ವ್ಯಾಪಾರಿಯೊಬ್ಬ ದಿಲ್ಲಿಯಿಂದ ತಂದುಕೊಟ್ಟ ಬಲ್ಬುಗಳು. ಹುಣಸೂರಿನಲ್ಲಿ ಇನ್ನೂ ಯಾರ ಕಾರಿಗೂ ಇರಲಿಲ್ಲ. ತಮ್ಮನ ಮದುವೆಗೆ ಕಾರು ಮಿಂಚಬೇಕು ಎಂದು ಅವನ ಅಣ್ಣಂದಿರು ಹೇಳಿದ್ದರು. ಇದನ್ನು ಮುಗಿಸಿಕೊಂಡು ತಾಯಿ ಮಗ ಪಿರಿಯಾಪಟ್ಟಣಕ್ಕೆ ಹೋಗುವವರಿದ್ದರು. ಅಲ್ಲಿ ಹುಡುಗಿಯ ಮನೆಯಲ್ಲಿ ಇವತ್ತು ಲಗ್ನದ ದಿನ ಗೊತ್ತುಮಾಡುವುದಿತ್ತು.

ಬೇರೆ ಅಂಗಡಿಗೆ ಹೋಗಬಹುದಿತ್ತಲ್ಲ ಎಂದು ಅವಳು ಕೇಳಲಿಲ್ಲ. ಬೇರೆ ಅಂಗಡಿಗೆ ಹೋಗಿದ್ದರೂ ಅವಳಿಗೆ ನೋವಾಗುತ್ತಿತ್ತು. ಎರಡು ವರ್ಷದಿಂದ ನೀನು ಎನ್ನುತ್ತಿದ್ದವಳು ಇವತ್ತು 'ರೀ' ಹಚ್ಚಿ ಮಾತಾಡುತ್ತಿದ್ದಳು.

ಮುಂದಕ್ಕೆ ಬಂದು ಪಾರ್ಕಿಂಗ್ ದೀಪಗಳಿಗೆ ಬಲ್ಬು ಸಿಕ್ಕಿಸಿದಳು. ಈಗ ನಡುವೆ ಗಾಜೊಂದೇ.

"ಹಾಕ್ರಿ."

ಬಲಗಡೆಯದು ಹಾಲಿನ ಹಾಗೆ ಹೊತ್ತಿತು. ಎಡಗಡೆಯದು ಸತ್ತೇ ಇತ್ತು.

"ಬಲ್ಬೇ ಕೆಟ್ಟಿದ್ದಾ?" ಶಂಕರ ತಲೆ ಹೊರಗೆ ಹಾಕಿದ.

"ಇಲ್ಲ. ನಾನೇ ತಿರುಗಾಮುರುಗಾ ಹಾಕಿವ್ನಿ. ಹಳೇವು ಎಂಗ್ ಹಾಕಿದ್ರೂ ಉರೀತಿದ್ವು. ಇದಕ್ಕೆ ಪ್ಲಸ್ಸು ಮೈನಸ್ಸು ಕೂಡ್ಬೇಕು."

"ಜಾತ್ಕ ನೋಡಿ ಹಾಕ್ಬೇಕು ಅನ್ನು."

ತಮಾಷೆ ಮಾಡುವುದು ಅವನಿಗೆ ಅಭ್ಯಾಸ. ಮಾತು ಆಡಿದ ಮೇಲೆ ಅವನ ಮುಖ ಇಳಿಯಿತು. ಅವಳು ಬಲ್ಬನ್ನು ಕಿತ್ತು, ತಿರುಗಿಸಿ ಹಾಕಿದಳು. ಹೊತ್ತಿಕೊಂಡಿತು. ಇಬ್ಬರೂ ಆ ಬೆಳಕನ್ನೇ ನೋಡಿದರು, ನೋಡಲು ಬೇರೇನೂ ಇಲ್ಲದವರ ಹಾಗೆ.

ಉಳಿದದ್ದು ಇಂಡಿಕೇಟರ್. ನಾಲ್ಕಕ್ಕೂ ಹೊಸ ಬಲ್ಬು ಹಾಕಿ, "ಎಡಕ್ಕೆ" ಎಂದಳು. ಅವನು ಸ್ಟಿಯರಿಂಗ್ ಪಕ್ಕದ ಕಡ್ಡಿ ಒತ್ತಿದ. ದೀಪ ಹುಚ್ಚು ಹಿಡಿದ ಹಾಗೆ ಟಿಕಟಿಕಟಿಕ ಎಂದು ಮಿಣುಕತೊಡಗಿತು.

"ಏನೇ ಇದು, ಓಡ್ ಬಂದೋನ್ ಎದೆ ಬಡ್ಕಂಡಂಗೆ ಬಡ್ಕತದೆ?"

"ಅಂಗೇ ಆಯ್ತದೆ. ಈ ಬಲ್ಬು ಎಳ್ಕೊಳೋ ಕರೆಂಟು ಬಲೇ ಕಮ್ಮಿ. ಒಳಗೊಂದು ರಿಲೇ ಅದೆ, ದೀಪ ಮಿಣುಕಿಸೋದು. ಅದಕ್ಕೆ ಗೊತ್ತೇ ಆಗಲ್ಲ. ಅಲ್ಲಿ ಬಲ್ಬೇ ಇಲ್ಲ ಅನ್ಕಂಬುಡ್ತದೆ."

"ಉರೀತಾ ಐತಲ್ಲ?"

"ಉರಿಯೋದು ನಿನಗೆ ಕಾಣ್ತದೆ. ರಿಲೇಗೆ ಕಣ್ಣಿಲ್ಲ." ಅವಳು ಕೈ ಒರೆಸಿಕೊಂಡಳು. "ಬೇರೆ ರಿಲೇ ಅದೆ, ತತ್ತೀನಿ. ಅದ ಆರಿಸ್ಬೇಡ, ಅಂಗೇ ಇರ್ಲಿ."

ಒಳಗೆ ಹೋಗಲು ಅಪ್ಪನನ್ನು ದಾಟಿಯೇ ಹೋಗಬೇಕು. ಯಾವುದೋ ಹಳೆಯ ಅಂಬಾಸಿಡರಿನಿಂದ ಕಿತ್ತ ಸೀಟನ್ನು ದೇವರಾಜು ಬಾಗಿಲಲ್ಲಿ ಹಾಕಿಕೊಂಡಿದ್ದ. ಅವನ ಪಕ್ಕದಲ್ಲಿ ಶಂಕರನ ತಾಯಿ ಬಸವಮ್ಮ, ಮಡಿಕೆ ಬಿಡದ ಹೊಸ ಸೀರೆಯಲ್ಲಿ ಕೂತಿದ್ದಳು. ಇಷ್ಟು ಹೊತ್ತು ಮಧುಶ್ರೀ ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಆ ಹೆಂಗಸನ್ನು ಅವಳು ಯುಗಾದಿಯಿಂದ ದ್ವೇಷಿಸುತ್ತಿದ್ದಳು. ಯುಗಾದಿಗೆ ಮನೆಯಲ್ಲಿ ನಮ್ಮ ಮದುವೆಯ ಮಾತು ಕೇಳು ಎಂದು ಶಂಕರನಿಗೆ ಅವಳೇ ಹೇಳಿ ಕಳಿಸಿದ್ದು. ಹಬ್ಬ ಮುಗಿದ ಮೇಲೆ ಅವನು ಬಂದು, ತಲೆ ತಗ್ಗಿಸಿ ಹೇಳಿದ: "ಕೇಳ್ದೆ. ಅವ್ವ ಒಪ್ನಿಲ್ಲ. ಗ್ರೀಸ್ ಕೈ ಹುಡುಗಿ ನಮ್ಮನೆಗೆ ಬ್ಯಾಡ ಅಂದ್ಬುಟ್ಟಳು." ಆ ರಾತ್ರಿಯಿಂದ ಮಧುಶ್ರೀ ಸೀಮೆಎಣ್ಣೆ, ಸೋಪಿನ ಪುಡಿ, ನಿಂಬೆಹೋಳು ಹಾಕಿ ಕೈ ಉಜ್ಜುತ್ತ ಬಂದಿದ್ದಳು. ಚರ್ಮ ಬಿರಿಯಿತು. ಉಗುರಿನ ಸಂದಿಯ ಕಪ್ಪು ಹಾಗೇ ಇತ್ತು.

"ಬಾ ಮಗ, ಟೀ ಆರೋಯ್ತದೆ," ಎಂದಳು ಬಸವಮ್ಮ.

"ಕೈ ಗಲೀಜದೆ ಕಣವ್ವ. ಆಮೇಲ್ ಕುಡೀತೀನಿ." ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

"ಅಪ್ಪ ಹೇಳ್ತಿದ್ರು, ಎಲ್ಲಾ ನೀನೇ ಮಾಡ್ತೀಯ ಅಂತ."

"ನಾನು ಬರೀ ಬೈಯಕ್ಕೆ ಇರೋದು," ಎಂದ ದೇವರಾಜು. "ಅದಕ್ಕೂ ಈಗ ಅವಳೇ ಸುರು ಅಚ್ಕಂಡವ್ಳೆ."

ಬಸವಮ್ಮ ನಕ್ಕು, ಮುಂದೆ ಬಗ್ಗಿ, ಹುಡುಗಿಯ ಬೆನ್ನ ಹಿಂದಿನ ಕೈಯನ್ನು ಹಿಡಿದೆಳೆದಳು. ಅದರ ಪಕ್ಕದಲ್ಲಿ ತನ್ನ ಕೈ ಇಟ್ಟಳು.

"ಇದ ನೋಡು. ನಿಂದೇ ವಾಸಿ."

ಅವಳ ಅಂಗೈ, ಬೆರಳು, ಉಗುರಿನ ಬುಡವೆಲ್ಲ ಟಾರು ಬಳಿದ ಹಾಗೆ ಕಪ್ಪಗಿತ್ತು. ಹಸಿ ಹೊಗೆಸೊಪ್ಪು ಮುರಿದು ಕಡ್ಡಿಗೆ ಕಟ್ಟುವವರ ಕೈಗೆ ಅಂಟುವ ಜಿಗುಟು. ಒಣಗಿಸುವ ಬ್ಯಾರನ್ನಿಗೆ ಸೊಪ್ಪು ತುಂಬುವ ತಿಂಗಳುಗಳಲ್ಲಿ ಅದು ಹೋಗುವುದೇ ಇಲ್ಲ.

"ಬೀಗ್ರ ಮನೇಲಿ ಎಲೆ ಮುಂದೆ ಈ ಕೈ ಎಂಗ್ ಚಾಚ್ತೀಯ ಅಂತ ಶಂಕರನೇ ಬಯ್ದ ಬೆಳಿಗ್ಗೆ. ಚಾಚ್ತೀನಿ ಕಣ್ಲಾ, ಇದೇ ಕೈಲಿ ತಾನೆ ನಿನ್ ಸಾಕಿದ್ದು ಅಂದೆ."

"ನಿಂಬೆಹಣ್ಣು ಉಜ್ಜಿ ನೋಡಿದ್ರಾ?" ಮಧುಶ್ರೀಗೆ ತನ್ನ ದನಿ ಎಲ್ಲೋ ದೂರದಿಂದ ಬಂದಂತಿತ್ತು.

"ಉಜ್ದೆ. ಕೈ ಉರೀತು, ಕಪ್ಪು ಓಗ್ನಿಲ್ಲ."

"ನಂದೂ ಅಂಗೇಯ."

ಇಬ್ಬರೂ ನಕ್ಕರು. ಬಸವಮ್ಮ ಹಿಡಿದ ಕೈ ಬಿಡದೆ, ಬಸ್ಸಿನಲ್ಲಿ ಪಕ್ಕದವರ ಹತ್ತಿರ ಮಾತಾಡುವಷ್ಟು ಸಲೀಸಾಗಿ ಮುಂದುವರಿಸಿದಳು. "ಪಿರಿಯಾಪಟ್ಟಣದ ಹುಡುಗಿ ಒಳ್ಳೇದೇ. ಆದ್ರೆ ನಮ್ಮ ಶಂಕರ ಬಾಯಿ ಬುಟ್ಟು ಏನೂ ಹೇಳಲ್ಲ. ಯುಗಾದಿಗೇ ಕೇಳ್ದೆ, ಮನಸ್ನಲ್ಲಿ ಯಾರಾರ ಅವ್ರೇನ್ಲಾ, ಇದ್ರೆ ಹೇಳು, ಯಾವ್ ಜನ ಆದ್ರೂ ಆಗ್ಲಿ, ನಿಮ್ಮಪ್ಪನ್ನ ನಾ ಒಪ್ಪಿಸ್ತೀನಿ ಅಂತ. ಯಾರೂ ಇಲ್ಲ ಕಣವ್ವ ಅಂದ. ಗೌರಿ ಹಬ್ಬಕ್ಕೆ ಇನ್ನೊಂದ್ಸಲ ಕೇಳ್ದೆ. ಯಾರೂ ಇಲ್ಲ ಅಂತ್ಲೇ ಅಂದ."

ಹೊರಗೆ ಕಾರಿನ ಇಂಡಿಕೇಟರ್ ಟಿಕಟಿಕಟಿಕ ಎನ್ನುತ್ತಲೇ ಇತ್ತು.

ಮಧುಶ್ರೀ ಒಳಗೆ ಹೋಗಿ ಡಬ್ಬಿಯಿಂದ ರಿಲೇ ತೆಗೆದುಕೊಂಡಳು. ಗೋಡೆ ಹಿಡಿದು ನಿಂತಳು. ಅಳು ಬರಬಹುದೆಂದು ಕಾದಳು. ಬರಲಿಲ್ಲ. ಬಸವಮ್ಮನ ಕೈಯ ಬಿಸಿ ಇನ್ನೂ ಬೆರಳಿನಲ್ಲಿತ್ತು. ಈ ಹೆಂಗಸಿಗೆ ಅತ್ತೆ ಎನ್ನಬಹುದಿತ್ತು, ಇಬ್ಬರೂ ಒಂದೇ ಬಚ್ಚಲಲ್ಲಿ ಕೈ ಉಜ್ಜುತ್ತ ನಗಬಹುದಿತ್ತು. ಎದೆ ಒಡೆದದ್ದು ಅಲ್ಲಿ. ಶಂಕರ ಹೋಗುತ್ತಾನೆಂಬ ದುಃಖಕ್ಕೆ ಅವಳು ಆಗಲೇ ಜಾಗ ಮಾಡಿಟ್ಟಿದ್ದಳು. ಇದಕ್ಕೆ ಎಲ್ಲೂ ಜಾಗವಿರಲಿಲ್ಲ.

ಡ್ರೈವರ್ ಬಾಗಿಲು ತೆಗೆದು, ಅವನ ಮೊಣಕಾಲಿನ ಪಕ್ಕದಲ್ಲಿ ಬಗ್ಗಿ, ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದಳು. ಹಳೆಯ ರಿಲೇ ಕಿತ್ತಳು. ಸದ್ದು ನಿಂತಿತು.

"ಶಂಕರ."

"ಊಂ."

"ಯುಗಾದಿಗೆ ನೀನು ನಿಮ್ಮವ್ವನ್ನ ಕೇಳೇ ಇಲ್ಲ."

ಅವನ ಮೊಣಕಾಲು ಅವಳಿಂದ ಒಂದಿಷ್ಟು ಆಚೆ ಸರಿಯಿತು.

"ಗ್ರೀಸ್ ಕೈ ಹುಡುಗಿ ಅಂದದ್ದು ಯಾರು?"

"ಮಧು..."

"ನಿಮ್ಮವ್ವ ಅಲ್ಲ. ಅವ್ರ ಕೈ ನೋಡ್ದೆ ಈಗ."

"ಏನೋ ಒಂದು ಹೇಳ್ಬೇಕಾಗಿತ್ತು ನಿಂಗೆ," ಎಂದ ಅವನು. "ಬಾಯಿಗೆ ಅದು ಬಂತು."

"ಬಾಯಿಗೆ ಬರೋದಕ್ಕೆ ಮೊದ್ಲು ಎಲ್ಲಿತ್ತು?"

ಅವನು ಸ್ಟಿಯರಿಂಗ್ ಹಿಡಿದುಕೊಂಡ. "ಹೆದರ್ಕಂಡೆ ಕಣೆ. ಕೇಳಿ, ಅವ್ವ ಬ್ಯಾಡ ಅಂದ್ಬುಟ್ರೆ ಏನ್ ಮಾಡ್ಲಿ ಅಂತ."

"ಅದಕ್ಕೆ ಅವ್ರ ಬದ್ಲು ನೀನೇ ಬ್ಯಾಡ ಅಂದ್ಬುಟ್ಟೆ."

ಹೊಸ ರಿಲೇ ಕೂರಿಸಿದಳು. ಟಿಕ್. ಟಿಕ್. ದೀಪ ಈಗ ಸಾವಧಾನವಾಗಿ, ಉಸಿರಾಡಿದ ಹಾಗೆ ಮಿಣುಕಿತು. ಅವಳು ಎದ್ದು ನಿಂತು ಬೆನ್ನು ನೆಟ್ಟಗೆ ಮಾಡಿದಳು. ಶಂಕರ ಅವಳ ಮುಖ ನೋಡುತ್ತಿದ್ದ. ಅವನ ಕಣ್ಣು ತುಂಬಿತ್ತು. ಆ ಕಣ್ಣು ಸುಳ್ಳಾಡುತ್ತಿರಲಿಲ್ಲ, ಅದೇ ಕಷ್ಟ.

"ಈಗ್ಲೇ ಹೇಳ್ತೀನಿ," ಎಂದ. ಒಂದು ಕಾಲು ಕೆಳಗೆ ಇಟ್ಟ. "ಇಲ್ಲೇ, ನಿಮ್ಮಪ್ಪನ ಮುಂದೇನೇ. ಪಿರಿಯಾಪಟ್ಟಣಕ್ಕೆ ಓಗೋದೇ ಬ್ಯಾಡ. ಅವ್ವ ಒಪ್ತಾಳೆ. ನೀನು ಊಂ ಅನ್ನು ಸಾಕು."

ಯುಗಾದಿಯಿಂದ ಅವಳು ಕಾದಿದ್ದ ಮಾತು. ಮಲಗುವಾಗ, ಬಸ್ಸಿನಲ್ಲಿ, ಯಾರದೋ ಲಾರಿಯ ಕೆಳಗೆ ಬೆನ್ನ ಮೇಲೆ ಮಲಗಿ ವೈರು ಹುಡುಕುವಾಗ, ಇದೇ ಮಾತನ್ನು ಅವಳು ಅವನ ದನಿಯಲ್ಲಿ ಕೇಳಿಸಿಕೊಂಡಿದ್ದಳು. ಈಗ ನಿಜವಾಗಿ ಬಂದಿತ್ತು. ಮೈಯೆಲ್ಲ ಅದರ ಕಡೆ ವಾಲಿತು. ಬಾಗಿಲಲ್ಲಿ ಬಸವಮ್ಮ ಲೋಟದ ತಳದ ಸಕ್ಕರೆಯನ್ನು ಬೆರಳಿನಿಂದ ತೆಗೆಯುತ್ತಿದ್ದಳು. ಪಿರಿಯಾಪಟ್ಟಣದಲ್ಲಿ ಯಾರೋ ಒಬ್ಬಳು ಈ ಹೊತ್ತಿಗೆ ಕನ್ನಡಿ ಮುಂದೆ ಹೂ ಸರಿಮಾಡಿಕೊಳ್ಳುತ್ತಿರಬಹುದು. ನಾಳೆ ಯಾರಾದರೂ ಅವನನ್ನು ಗಟ್ಟಿಯಾಗಿ ಕೇಳಿದರೆ, ಆ ಹುಡುಗಿಯ ಬಗ್ಗೆಯೂ ಯಾರೂ ಇಲ್ಲ ಎಂದಾನು. ತನ್ನ ಬಗ್ಗೆಯೂ ಎಂದಾನು, ಇನ್ನೊಂದು ಸಲ.

"ಆಯ್ತೇನ್ಲಾ?" ಬಸವಮ್ಮ ಕೂಗಿದಳು. "ಒತ್ತಾಯ್ತದೆ."

"ಬಂದೆ ಕಣವ್ವ." ಕಣ್ಣು ಮಧುಶ್ರೀಯ ಮೇಲೇ ಇತ್ತು. ದನಿ ತಗ್ಗಿಸಿದ. "ಹೇಳ್ಲಾ?"

"ಬ್ಯಾಡ."

"ನಿಜ್ವಾಗ್ಲೂ ಹೇಳ್ತೀನಿ ಕಣೆ. ಅವ್ವನ ಆಣೆ."

"ಬ್ಯಾಡ ಅಂದೆ ಕಣ್ರೀ," ಎಂದಳು ಮಧುಶ್ರೀ.